ಕೆಟ್ಟ ಉಪಕರಣಗಳಿಗೆ ಮನೆಯಲ್ಲೇ ಮರುಹುಟ್ಟು

ಹಿರಿಯರ ಕಾಲದ ರೇಡಿಯೊ ಕೆಟ್ಟಿತೆಂದು ಗುಜರಿಗೆ ಹಾಕಲು ನಮಗೆ ಮನಸ್ಸು ಬಾರದು. ಇಟ್ಟುಕೊಳ್ಳಲು ಮಹಾನಗರದ ಮನೆಯಲ್ಲಿ ಸ್ಥಳವೂ ಇರದು. ಇಂತಹ ಉಪಕರಣಗಳ ಹೊರಕವಚವನ್ನು ಉಳಿಸಿಕೊಂಡು ಬಳಸುವುದೇ ಸೂಕ್ತ ಮಾರ್ಗ.

ವಾಲ್ವ್ ರೇಡಿಯೊದ ಮರದ ಪೆಟ್ಟಿಗೆಯು ಪುಸ್ತಕದ ಗೂಡಾಗುತ್ತದೆ. ಬಟ್ಟೆ ಒಗೆಯುವ ಯಂತ್ರದ ಸ್ಟೀಲ್ ಡ್ರಮ್ಮಿನ ರಂಧ್ರಗಳಿಂದ ನೀರು ಬಸಿಯುವುದರಿಂದ ಅದು ಬಾಲ್ಕನಿಗೆ ಒಪ್ಪುವ ಹೂಕುಂಡ. ಗಣಕಯಂತ್ರದ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ಕನ್ನಡಿಯಂತೆ ಹೊಳೆಯುತ್ತದೆ. ನಡುವಿನ ರಂಧ್ರಕ್ಕೆ ವಾಷರ್ ಇಟ್ಟು ಗಡಿಯಾರದ ಯಂತ್ರವನ್ನು ಕೂರಿಸಬಹುದು. 12 ಸೆಂ.ಮೀ. ಅಗಲದ ಸಿ.ಡಿ.ಗೆ ದಪ್ಪ ಬಟ್ಟೆ ಅಂಟಿಸಿದರೆ ಲೋಟದಡಿಯ ಬಿಲ್ಲೆ ಸಿದ್ಧ.

ಆದರೆ ಎಲ್ಲವನ್ನೂ ನಾವೇ ಬಿಚ್ಚಲಾಗದು. ಹಳೆಯ ಟಿ.ವಿ.ಯ ಚಿತ್ರನಳಿಕೆಯ ಗಾಜಿನಲ್ಲಿ ಸೀಸವಿದೆ. ಒಳಗೆ ನಿರ್ವಾತವಿರುವುದರಿಂದ ಒಡೆದರೆ ಚೂರುಗಳು ಸಿಡಿಯುತ್ತವೆ. ಮೈಕ್ರೋವೇವ್ ಒಲೆಯ ಕೆಪಾಸಿಟರ್, ಪ್ಲಗ್ ಕಿತ್ತ ಬಳಿಕವೂ ಪ್ರಾಣಾಂತಕ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ರೇಡಿಯೊದ ಒಳಭಾಗವನ್ನೂ ಬಲ್ಲ ದುರಸ್ತಿಗಾರರಿಂದಲೇ ತೆಗೆಸಬೇಕು.

ಉಳಿದ ತಂತಿ, ಬೋರ್ಡುಗಳನ್ನು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆ ಘಟಕಕ್ಕೆ ತಲುಪಿಸುವುದು ನಮ್ಮ ಹೊಣೆ. ತಾಮ್ರಕ್ಕಾಗಿ ಗಲ್ಲಿಯಲ್ಲಿ ತಂತಿ ಸುಡುವ ಬಡವರು ಉಸಿರಾಡುವ ವಿಷದ ಹೊಗೆ, ನಾವು ಹೊರಹಾಕಿದ ವಸ್ತುವಿನದೇ ಆಗಿರಬಾರದಲ್ಲವೇ?