ಬೀದಿದೀಪದ ಕಂಬಕ್ಕೆ ವೈ-ಫೈ

ಇಡೀ ಊರಿಗೇ ನಿಸ್ತಂತು ಇಂಟರ್ನೆಟ್ ಹಂಚುವ ಯೋಜನೆಗಳ ಮೂಲ ಅಮೆರಿಕದಲ್ಲಿ 1985ರಲ್ಲಿ ಹೊರಟ ಒಂದು ಆದೇಶದಲ್ಲಿದೆ. ಆ ವರ್ಷ ಅಲ್ಲಿನ ಫೆಡರಲ್ ಸಂಪರ್ಕ ಆಯೋಗ 900 ಮೆಗಾಹರ್ಟ್ಸ್, 2.4 ಗಿಗಾಹರ್ಟ್ಸ್ ಮತ್ತು 5.8 ಗಿಗಾಹರ್ಟ್ಸ್ ಆಸುಪಾಸಿನ ತರಂಗಾಂತರಗಳನ್ನು ಪರವಾನಗಿ ಇಲ್ಲದೆ ಯಾರು ಬೇಕಾದರೂ ಸಂಪರ್ಕಕ್ಕೆ ಬಳಸಬಹುದೆಂದು ಬಿಟ್ಟುಕೊಟ್ಟಿತು. ಮೈಕ್ರೋವೇವ್ ಒಲೆ, ವೈದ್ಯಕೀಯ ಯಂತ್ರಗಳ ಗದ್ದಲ ತುಂಬಿರುತ್ತದೆಂದು ದೂರಸಂಪರ್ಕ ಕಂಪನಿಗಳು ಆಸೆಪಡದೇ ಇದ್ದ ತರಂಗಾಂತರಗಳವು. 1997ರಲ್ಲಿ 802.11 ಎಂಬ ಮಾನದಂಡ ಬಂದಾಗ ವೇಗ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ. ಎರಡೇ ವರ್ಷದಲ್ಲಿ ಅದು 11ಕ್ಕೆ ಏರಿತು. 1999ರಲ್ಲೇ ಆಪಲ್ ತನ್ನ ಐಬುಕ್ ಲ್ಯಾಪ್‌ಟಾಪಿನಲ್ಲಿ ಈ ಸೌಲಭ್ಯ ಒದಗಿಸಿತು, ವೈ-ಫೈ ಎಂಬ ಹೆಸರೂ ಆಗಲೇ ಹುಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ರೌಟರ್ ಮನೆಬಳಕೆಯ ಸಾಮಾನಾಯಿತು.

ತರಂಗಕ್ಕೆ ಬಾಡಿಗೆಯಿಲ್ಲ, ದೀಪದ ಕಂಬ ಪಾಲಿಕೆಯದೇ, ರೇಡಿಯೊ ಪೆಟ್ಟಿಗೆ ಅಗ್ಗ. ಹೀಗಿದ್ದ ಮೇಲೆ ರಸ್ತೆ ಅಗೆಯದೆ, ಕೇಬಲ್ ಎಳೆಯದೆ ಊರಿಗೆಲ್ಲ ಇಂಟರ್ನೆಟ್ ಕೊಡಬಹುದಲ್ಲ ಎಂಬ ಲೆಕ್ಕಾಚಾರ 2004ರ ಹೊತ್ತಿಗೆ ಅಮೆರಿಕದ ನಗರಾಡಳಿತಗಳಲ್ಲಿ ಶುರುವಾಯಿತು. ಅದನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡ ನಗರ ಫಿಲಡೆಲ್ಫಿಯಾ. ಮೇಯರ್ ಜಾನ್ ಸ್ಟ್ರೀಟ್, ನಗರದ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥೆ ಡಯಾನಾ ನೆಫ್ ಸೇರಿ 135 ಚದರ ಮೈಲಿ, ಅಂದರೆ ಸುಮಾರು 350 ಚದರ ಕಿಲೋಮೀಟರ್ ವಿಸ್ತಾರದ ಇಡೀ ನಗರಕ್ಕೆ ಜಾಲ ಹರಡುವ ಯೋಜನೆ ಸಿದ್ಧಪಡಿಸಿದರು. ಉದ್ದೇಶ ಸ್ಪಷ್ಟವಿತ್ತು: ಕೇಬಲ್ ಮತ್ತು ದೂರವಾಣಿ ಕಂಪನಿಗಳ ದರ ಭರಿಸಲಾಗದ ಬಡಾವಣೆಗಳ ಮಕ್ಕಳಿಗೂ ಇಂಟರ್ನೆಟ್ ಸಿಗಬೇಕು. ಬಡ ಕುಟುಂಬಗಳಿಗೆ ಕಂಪ್ಯೂಟರ್ ಕೊಡಿಸಿ, ಬಳಸುವುದನ್ನು ಕಲಿಸಲು ‘ವೈರ್‌ಲೆಸ್ ಫಿಲಡೆಲ್ಫಿಯಾ’ ಎಂಬ ಲಾಭರಹಿತ ಸಂಸ್ಥೆಯನ್ನೂ ಕಟ್ಟಲಾಯಿತು. ಬರೀ ಸಿಗ್ನಲ್ ಕೊಟ್ಟರೆ ಸಾಲದು, ಅದನ್ನು ಹಿಡಿಯುವ ಯಂತ್ರವೂ ಬಳಸುವ ತಿಳಿವಳಿಕೆಯೂ ಬೇಕೆಂದು ಆಗಲೇ ಅರಿತಿದ್ದು ಈ ಯೋಜನೆಯ ಹೆಚ್ಚುಗಾರಿಕೆ. ಮುಂದೆ ಬಂದ ಎಷ್ಟೋ ಯೋಜನೆಗಳು ಈ ಭಾಗವನ್ನೇ ಕೈಬಿಟ್ಟವು.

ಸುದ್ದಿ ಹೊರಬೀಳುತ್ತಲೇ ದೂರವಾಣಿ ಕಂಪನಿಗಳು ಎಚ್ಚೆತ್ತವು. 2004ರ ನವೆಂಬರ್ 30ರಂದು ಪೆನ್ಸಿಲ್ವೇನಿಯಾದ ಗವರ್ನರ್ ಎಡ್ ರೆಂಡೆಲ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಯಾವುದೇ ಪಾಲಿಕೆ ಹಣ ಪಡೆದು ಇಂಟರ್ನೆಟ್ ಕೊಡುವ ಮುನ್ನ ಸ್ಥಳೀಯ ದೂರವಾಣಿ ಕಂಪನಿಗೆ ಆ ಅವಕಾಶವನ್ನು ಮೊದಲು ಕೊಡಬೇಕು. ಅಲ್ಲಿನ ದೂರವಾಣಿ ಕಂಪನಿ ವೆರೈಝನ್ ಜೊತೆಗಿನ ಒಪ್ಪಂದದಿಂದ ಫಿಲಡೆಲ್ಫಿಯಾ ಪಾರಾಯಿತು. ಇದೇ ಬಗೆಯ ಕಾಯ್ದೆಗಳು ಬೇರೆ ಹಲವು ರಾಜ್ಯಗಳಲ್ಲೂ ಬಂದವು. ತೆರಿಗೆದಾರರ ಹಣ ಪೋಲಾಗಬಾರದು, ಸರ್ಕಾರ ಖಾಸಗಿ ಉದ್ಯಮಕ್ಕೆ ಪೈಪೋಟಿ ಕೊಡಬಾರದು ಎಂಬುದು ಕಂಪನಿಗಳ ವಾದ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಬಡವರ ಬಡಾವಣೆಗಳಿಗೆ ತಾವೂ ಹೋಗದೆ, ಹೋಗುವವರನ್ನೂ ತಡೆದದ್ದು ನ್ಯಾಯವಾಗಿರಲಿಲ್ಲ.

ಈ ವಿರೋಧಕ್ಕೆ ಅಂಜಿ ಫಿಲಡೆಲ್ಫಿಯಾದ ನಗರಾಡಳಿತ ತಾನು ಹಣ ಹಾಕದ ದಾರಿ ಹಿಡಿಯಿತು. 2005ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದ ಅರ್ತ್‌ಲಿಂಕ್ ಕಂಪನಿಯನ್ನು ಆರಿಸಲಾಯಿತು. ಜಾಲ ಕಟ್ಟುವ ಖರ್ಚೆಲ್ಲ ಕಂಪನಿಯದು, ಕಂಬ ನಗರದ್ದು. ತಿಂಗಳಿಗೆ ಸುಮಾರು 20 ಡಾಲರ್ ಚಂದಾ, ಬಡವರಿಗೆ 10 ಡಾಲರ್. ನಗರದ ಬೊಕ್ಕಸದಿಂದ ಒಂದು ಡಾಲರೂ ಹೋಗುವುದಿಲ್ಲವೆಂದು ಆಗ ಹೆಮ್ಮೆಯಿಂದ ಹೇಳಿಕೊಂಡ ಈ ಏರ್ಪಾಡೇ ಕೊನೆಗೆ ಯೋಜನೆಯನ್ನು ಕೆಡವಿತು.

ಜಾಲದ ರಚನೆ ಹೀಗಿತ್ತು. ಅಮೆರಿಕದ ಬೀದಿದೀಪದ ನೆತ್ತಿಯ ಮೇಲೆ ಕತ್ತಲನ್ನು ಗುರುತಿಸಿ ದೀಪ ಹೊತ್ತಿಸುವ ಒಂದು ಸಣ್ಣ ಬೆಳಕಿನ ಕಣ್ಣು ಇರುತ್ತದೆ. ಅದರ ಸಾಕೆಟ್ಟಿನಿಂದಲೇ ಕರೆಂಟು ಪಡೆದು, ದೀಪದ ತೋಳಿಗೆ ಒಂದು ರೇಡಿಯೊ ಪೆಟ್ಟಿಗೆ ಬಿಗಿಯುತ್ತಿದ್ದರು. (ನಮ್ಮ ಊರುಗಳಲ್ಲಿ ಒಂದು ಬೀದಿಯ ದೀಪಗಳೆಲ್ಲ ಒಂದೇ ಸ್ವಿಚ್ಚಿಗೆ ಸೇರಿರುವುದು ರೂಢಿ, ಹಗಲಲ್ಲಿ ಆ ತಂತಿಯಲ್ಲಿ ಕರೆಂಟೇ ಇರುವುದಿಲ್ಲ. ಹಾಗಾಗಿ ಇದೇ ಉಪಾಯ ಇಲ್ಲಿ ನಡೆಯುವುದು ಕಷ್ಟ.) ಪ್ರತಿ ಪೆಟ್ಟಿಗೆಗೂ ಕೇಬಲ್ ಎಳೆಯುವುದಿಲ್ಲ. ಒಂದು ಕಂಬದ ಪೆಟ್ಟಿಗೆ ಪಕ್ಕದ ಕಂಬಕ್ಕೆ, ಅದು ಮುಂದಿನದಕ್ಕೆ ದತ್ತಾಂಶ ದಾಟಿಸುತ್ತ ಹೋಗಿ, ಕೊನೆಗೆ ಎತ್ತರದ ಗೋಪುರವೊಂದನ್ನು ಮುಟ್ಟಿಸುತ್ತದೆ. ಕೇಳಿಸಿಕೊಳ್ಳುವುದೂ ದಾಟಿಸುವುದೂ ಒಂದೇ ರೇಡಿಯೊ ಆದ್ದರಿಂದ ಪ್ರತಿ ದಾಟಿನಲ್ಲೂ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ತೊಡಕು ಅಷ್ಟಕ್ಕೇ ನಿಲ್ಲಲಿಲ್ಲ. 2.4 ಗಿಗಾಹರ್ಟ್ಸ್ ತರಂಗ ಇಟ್ಟಿಗೆ ಗೋಡೆಗೆ ಸೋಲುತ್ತದೆ, ನೀರು ತುಂಬಿದ ಎಲೆಗಳಿಗೂ ಸೋಲುತ್ತದೆ. ಫಿಲಡೆಲ್ಫಿಯಾ ಒಂದಕ್ಕೊಂದು ಅಂಟಿದ ಇಟ್ಟಿಗೆ ಮನೆಗಳ ಸಾಲಿಗೆ ಹೆಸರಾದ ಊರು. ಕಂಬದ ಪೆಟ್ಟಿಗೆ ಧ್ವನಿವರ್ಧಕದಲ್ಲಿ ಕೂಗಿದರೆ, ಮನೆಯೊಳಗಿನ ಲ್ಯಾಪ್‌ಟಾಪು ಬರಿಗಂಟಲಲ್ಲಿ ಉತ್ತರ ಕೊಡಬೇಕು. ಹಾಗಾಗಿ ಪರದೆಯ ಮೇಲೆ ಸಿಗ್ನಲ್ಲಿನ ಗೀಟುಗಳೆಲ್ಲ ತುಂಬಿ ಕಂಡರೂ ಪುಟ ತೆರೆಯುತ್ತಿರಲಿಲ್ಲ. ಕಿಟಕಿಯ ಬಳಿ ಇಡಲು ಬೇರೊಂದು ಉಪಕರಣ ಬೇಕಾಯಿತು. ಒಂದು ಚದರ ಮೈಲಿಗೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಪೆಟ್ಟಿಗೆಗಳು ಬೇಕಾದವು, ಖರ್ಚು ಬೆಳೆಯುತ್ತ ಹೋಯಿತು. ಇನ್ನೊಂದು ಕಡೆ, ಯಾರದೂ ಅಲ್ಲದ ತರಂಗದಲ್ಲಿ ದಾರಿ ಬಿಡಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಒಂದನ್ನೊಂದು ತಾಗದ ಚಾನೆಲ್‌ಗಳು ಅಲ್ಲಿ ಮೂರೇ. ಪ್ರತಿ ಮನೆಯ ರೌಟರೂ ಕಾರ್ಡ್‌ಲೆಸ್ ಫೋನೂ ಅದೇ ಜಾಗಕ್ಕೆ ನುಗ್ಗುತ್ತಿದ್ದವು.

2007ರಲ್ಲಿ ಲೆಕ್ಕ ತಲೆಕೆಳಗಾಯಿತು. ಜನವರಿಯಲ್ಲಿ ಅರ್ತ್‌ಲಿಂಕ್‌ನ ಮುಖ್ಯಸ್ಥ ಗ್ಯಾರಿ ಬೆಟ್ಟಿ ತೀರಿಕೊಂಡರು. ಹೊಸ ಮುಖ್ಯಸ್ಥರು ಆಗಸ್ಟ್‌ನಲ್ಲಿ ಸುಮಾರು 900 ಮಂದಿಯನ್ನು ಕೆಲಸದಿಂದ ತೆಗೆದರು. ಅದೇ ತಿಂಗಳು ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದ ಯೋಜನೆಯಿಂದ ಹಿಂದೆ ಸರಿಯಿತು, ಷಿಕಾಗೊ ನಗರವೂ ತನ್ನ ಯೋಜನೆ ಕೈಬಿಟ್ಟಿತು. ಇಂಥದೇ ಒಪ್ಪಂದವಿದ್ದ ಹ್ಯೂಸ್ಟನ್‌ಗೆ ಅರ್ತ್‌ಲಿಂಕ್ 50 ಲಕ್ಷ ಡಾಲರ್ ದಂಡ ತೆರಬೇಕಾಯಿತು. ಅಷ್ಟರಲ್ಲಿ ಕೇಬಲ್ ಕಂಪನಿಗಳು ದರ ಇಳಿಸಿದ್ದವು, ಜೂನ್‌ನಲ್ಲಿ ಐಫೋನ್ ಮಾರುಕಟ್ಟೆಗೆ ಬಂದಿತ್ತು. 2008ರಲ್ಲಿ ಅರ್ತ್‌ಲಿಂಕ್ ಫಿಲಡೆಲ್ಫಿಯಾ ಬಿಟ್ಟು ಹೊರಟಾಗ ಅಲ್ಲಿದ್ದ ಚಂದಾದಾರರು ಸುಮಾರು 6,000. ಹದಿನಾಲ್ಕೂವರೆ ಲಕ್ಷ ಜನರ ಊರಿನಲ್ಲಿ ಅದು ಏನೂ ಅಲ್ಲ. ಕೆಲಕಾಲ ಸ್ಥಳೀಯ ಹೂಡಿಕೆದಾರರು ಜಾಲವನ್ನು ನಡೆಸಿದರು. 2009ರ ಡಿಸೆಂಬರ್‌ನಲ್ಲಿ ನಗರಾಡಳಿತವೇ 20 ಲಕ್ಷ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿ, ಅದನ್ನು ಪೊಲೀಸು ಮತ್ತಿತರ ಇಲಾಖೆಗಳ ಬಳಕೆಗೆ ತಿರುಗಿಸಿತು.

ಅದೇ ಕಾಲದಲ್ಲಿ ಮಿನಿಯಾಪೊಲಿಸ್ ಬೇರೆ ದಾರಿ ಹಿಡಿದಿತ್ತು. ಜಾಲ ಕಟ್ಟಿದ ಸ್ಥಳೀಯ ಕಂಪನಿಗೆ ನಗರವೇ ಮೊದಲ ಗಿರಾಕಿಯಾಗಿ ವರ್ಷಕ್ಕೆ 12.5 ಲಕ್ಷ ಡಾಲರ್ ಕೊಡಲು ಹತ್ತು ವರ್ಷಗಳ ಕರಾರು ಮಾಡಿಕೊಂಡಿತು. 2007ರ ಆಗಸ್ಟ್ 1ರ ಸಂಜೆ ಮಿಸಿಸಿಪ್ಪಿ ನದಿಯ ಮೇಲಿನ ಹೆದ್ದಾರಿ ಸೇತುವೆ ಕುಸಿದು 13 ಜನ ಸತ್ತಾಗ ಮೊಬೈಲ್ ಜಾಲಗಳು ಕರೆಗಳ ಭಾರಕ್ಕೆ ತತ್ತರಿಸಿದವು. ಇನ್ನೂ ಅರ್ಧ ಕಟ್ಟಿದ್ದ ವೈ-ಫೈ ಜಾಲವನ್ನು ಎಲ್ಲರಿಗೂ ಉಚಿತವಾಗಿ ತೆರೆಯಲಾಯಿತು, ರಕ್ಷಣಾ ಕಾರ್ಯಕ್ಕೂ ಅದು ನೆರವಾಯಿತು. ಆ ಜಾಲ ಹತ್ತು ವರ್ಷಕ್ಕೂ ಮಿಕ್ಕಿ ಬಾಳಿತು. ಎರಡೂ ಊರುಗಳ ನಡುವಿನ ಒಂದು ಮುಖ್ಯ ವ್ಯತ್ಯಾಸ ಹಣದ್ದು. ಒಂದು ಊರು ಹಣ ಕೊಟ್ಟಿತು, ಇನ್ನೊಂದು ಕೊಡಲಿಲ್ಲ.

ಜಾಲ ತಾಂತ್ರಿಕವಾಗಿ ಗೆದ್ದರೂ ಗಿರಾಕಿ ಸಿಗದೆ ಸೋಲಬಹುದೆಂದು ತೈವಾನಿನ ತೈಪೆ ತೋರಿಸಿತು. 2006ರಲ್ಲಿ ಅಲ್ಲಿ ಸಾವಿರಾರು ಕಡೆ ವೈ-ಫೈ ಸಿಗುತ್ತಿತ್ತು. ಮನೆಯಲ್ಲೂ ಕಚೇರಿಯಲ್ಲೂ ಇಂಟರ್ನೆಟ್ ಇದ್ದ ಜನ ಬೀದಿಯ ಸಂಪರ್ಕಕ್ಕೆ ಬೇರೆ ದುಡ್ಡು ಕೊಡಲಿಲ್ಲ. ವರ್ಷಾಂತ್ಯಕ್ಕೆ ಎದುರುನೋಡಿದ್ದ 2.5 ಲಕ್ಷ ಚಂದಾದಾರರ ಹತ್ತಿರಕ್ಕೂ ಅದು ಬರಲಿಲ್ಲ. ಉಚಿತವಾಗಿ ಕೊಟ್ಟರೆ ಬೆಲೆಯನ್ನು ಬೇರೆ ರೂಪದಲ್ಲಿ ತೆರಬೇಕಾಗುತ್ತದೆ ಎಂಬ ಆತಂಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎದ್ದಿತ್ತು. ಜಾಹೀರಾತಿನ ಬಲದಿಂದ ಗೂಗಲ್ ಕೊಡಲಿದ್ದ ಸಂಪರ್ಕದಲ್ಲಿ ಯಾರು ಯಾವ ಬೀದಿಯಲ್ಲಿದ್ದಾರೆ, ಏನು ನೋಡುತ್ತಾರೆ ಎಂಬುದೆಲ್ಲ ದಾಖಲಾಗುತ್ತದೆಂದು ನಾಗರಿಕ ಹಕ್ಕುಗಳ ಸಂಘಟನೆಗಳು ಆಕ್ಷೇಪಿಸಿದವು. ತೆರೆದ ವೈ-ಫೈಯಲ್ಲಿ ಪಕ್ಕದವರ ಖಾತೆಗೆ ನುಗ್ಗುವುದು ಎಷ್ಟು ಸುಲಭವೆಂದು 2010ರಲ್ಲಿ ಬಂದ ಫೈರ್‌ಶೀಪ್ ಎಂಬ ತಂತ್ರಾಂಶ ತೋರಿಸಿಕೊಟ್ಟಿತು. ದೊಡ್ಡ ಜಾಲತಾಣಗಳು ಎಲ್ಲ ಪುಟಗಳಿಗೂ ಗೂಢಲಿಪಿ ಅಳವಡಿಸಿದ್ದು ಅದರ ನಂತರದ ವರ್ಷಗಳಲ್ಲಿ.

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗ ಹೊರಾಂಗಣ ಬಳಕೆಗೆ ಪರವಾನಗಿಯಿಂದ ಮುಕ್ತವಾದದ್ದು 2005ರಲ್ಲಿ. ಮರುವರ್ಷವೇ ಪುಣೆಯ ಪಾಲಿಕೆ ಇಂಟೆಲ್ ಜೊತೆಗೂಡಿ ಊರಿಡೀ ನಿಸ್ತಂತು ಜಾಲದ ಯೋಜನೆ ಹಾಕಿತು, ಅದು ದಡ ಸೇರಲಿಲ್ಲ. 2008ರ ಅಹಮದಾಬಾದ್ ಸ್ಫೋಟಗಳಿಗೆ ಮುನ್ನ ಬೆದರಿಕೆಯ ಇ-ಮೇಲ್ ನವಿ ಮುಂಬೈನ ಒಂದು ಮನೆಯ ಬೀಗವಿಲ್ಲದ ವೈ-ಫೈ ಮೂಲಕ ಹೋಗಿತ್ತು. ಅದರ ಪರಿಣಾಮವಾಗಿ 2009ರಲ್ಲಿ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈ-ಫೈ ಬಳಸುವವರ ಗುರುತು ಖಚಿತಪಡಿಸಿಕೊಳ್ಳುವುದನ್ನು ಕಡ್ಡಾಯ ಮಾಡಿತು. ರೈಲು ನಿಲ್ದಾಣದಲ್ಲೋ ವಿಮಾನ ನಿಲ್ದಾಣದಲ್ಲೋ ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿಗೆ ಕಾಯುವ ಪದ್ಧತಿ ಶುರುವಾದದ್ದು ಹೀಗೆ. ಭದ್ರತೆಗೆ ಅದು ಬೇಕಿತ್ತು. ಆದರೆ ಸ್ವಂತ ಫೋನ್ ಸಂಖ್ಯೆ ಇಲ್ಲದವರು, ಅಂದರೆ ಉಚಿತ ಸಂಪರ್ಕ ಯಾರಿಗೆ ತೀರಾ ಅಗತ್ಯವೋ ಅವರೇ, ಇದರಿಂದ ಹೊರಗುಳಿದರು.

ಬೆಂಗಳೂರಿನ ‘ನಮ್ಮ ವೈ-ಫೈ’ 2014ರ ಜನವರಿ 24ರಂದು ಉದ್ಘಾಟನೆಯಾಯಿತು. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಇಂದಿರಾನಗರದ ಸಿ.ಎಂ.ಎಚ್. ರಸ್ತೆ, ಜೊತೆಗೆ ಯಶವಂತಪುರ, ಶಾಂತಿನಗರ, ಕೋರಮಂಗಲದ ಬಸ್ ನಿಲ್ದಾಣಗಳಲ್ಲಿ ಉಚಿತ ಸಂಪರ್ಕ. ನಡೆಸಿದ್ದು ಡಿ-ವಾಯ್ಸ್ ಕಂಪನಿ, ಖರ್ಚಿನ ಬಹುಪಾಲು ಭಾರವೂ ಅದರದೇ. ದಿನಕ್ಕೆ ಮೂರು ಗಂಟೆ ಅಥವಾ 50 ಎಂಬಿ, ವೇಗ 512 ಕೆಬಿಪಿಎಸ್. ಆ ವೇಗ ಪೂರ್ತಿ ಸಿಕ್ಕಿದರೆ 50 ಎಂಬಿ ಹದಿಮೂರು ನಿಮಿಷದಲ್ಲಿ ಮುಗಿಯುತ್ತದೆ. ಬಸ್ಸಿನ ವೇಳೆ ನೋಡಲು, ಒಂದು ಅರ್ಜಿ ತುಂಬಲು ಅಷ್ಟು ಸಾಕಿತ್ತು, ಓದಿಗೆ ಸಾಲುತ್ತಿರಲಿಲ್ಲ. ಫಿಲಡೆಲ್ಫಿಯಾದ ಹಾಗೆ ಇಲ್ಲೂ ಖರ್ಚು ಹೊರುವ ಖಾಯಂ ವ್ಯವಸ್ಥೆ ಇರಲಿಲ್ಲ, ಸೇವೆ ಬಹುಕಾಲ ಉಳಿಯಲಿಲ್ಲ.

ದೇಶದಲ್ಲಿ ನಿಜಕ್ಕೂ ಜನಕ್ಕೆ ಒದಗಿದ್ದು ರೈಲು ನಿಲ್ದಾಣದ ವೈ-ಫೈ. ಹಳಿಗಳ ಪಕ್ಕದಲ್ಲಿ ರೈಲ್ವೆಯದೇ ಸಂಸ್ಥೆಯಾದ ರೈಲ್‌ಟೆಲ್‌ನ ಫೈಬರ್ ಮೊದಲೇ ಇತ್ತು, ಗೂಗಲ್ ಅದಕ್ಕೆ ಜೊತೆಯಾಯಿತು. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಆರಂಭವಾಗಿ 2018ರ ಜೂನ್‌ನಲ್ಲಿ ದಿಬ್ರುಗಢದೊಂದಿಗೆ 400 ನಿಲ್ದಾಣಗಳಾದವು. ಎರ್ನಾಕುಲಂ ಜಂಕ್ಷನ್ನಿನ ಒಬ್ಬ ಹಮಾಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತಲೆಯ ಮೇಲೆ ಲಗೇಜು ಹೊತ್ತು ನಡೆಯುತ್ತಲೇ ಪಾಠ ಕೇಳಿ 2018ರಲ್ಲಿ ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದರು. ಜನ ಕಾಯುವ ಜಾಗದಲ್ಲಿ ವೇಗದ ಸಂಪರ್ಕ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇಡೀ ಊರಿಗೆ ಜಾಲ ಹೊದಿಸುವುದಕ್ಕಿಂತ ನಿಲ್ದಾಣ, ಗ್ರಂಥಾಲಯ, ಆಸ್ಪತ್ರೆಗಳಲ್ಲಿ ಗಟ್ಟಿ ಸಂಪರ್ಕ ಕೊಡುವುದೇ ಸರಿ ಎಂಬುದು ಈ ಎರಡು ದಶಕಗಳ ಅನುಭವ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು. ಅದನ್ನೇ ಕಾರಣವಾಗಿ ಹೇಳಿ ಗೂಗಲ್ 2020ರಲ್ಲಿ ಹಿಂದೆ ಸರಿಯಿತು. ರೈಲ್‌ಟೆಲ್ ಸೇವೆ ನಿಲ್ಲಿಸಲಿಲ್ಲ.

2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ, ಹಳೆಯ ಹಳದಿ ಬಣ್ಣದ ಪಿಸಿಒ ಬೂತುಗಳ ಮಾದರಿಗೆ ಮರಳಿತು. ಕಿರಾಣಿ ಅಂಗಡಿ, ಚಹಾದಂಗಡಿಯವರು ಪರವಾನಗಿಯಾಗಲಿ ಶುಲ್ಕವಾಗಲಿ ಇಲ್ಲದೆ ವೈ-ಫೈ ಮಾರಬಹುದು. 2018ರ ದೂರಸಂಪರ್ಕ ನೀತಿ 2022ಕ್ಕೆ ಒಂದು ಕೋಟಿ ಸಾರ್ವಜನಿಕ ವೈ-ಫೈ ಕೇಂದ್ರಗಳ ಗುರಿ ಇಟ್ಟಿತ್ತು. 2024ರ ಕೊನೆಗೂ ಪಿಎಂ-ವಾಣಿಯಡಿ ಮೂರು ಲಕ್ಷ ತುಂಬಿರಲಿಲ್ಲ. ಮನೆಗೆ ಕೆಲವು ನೂರು ರೂಪಾಯಿಗೆ ಸಿಗುವ ಬ್ರಾಡ್‌ಬ್ಯಾಂಡನ್ನು ಅಂಗಡಿಯವರಿಗೆ ಕೊಡದೆ, ಅದರ ಹಲವು ಪಟ್ಟು ದುಬಾರಿಯಾದ ಮೀಸಲು ಸಂಪರ್ಕ (ಲೀಸ್ಡ್ ಲೈನ್) ಹಾಕಿಸಿಕೊಳ್ಳಿ ಎಂದು ದೂರಸಂಪರ್ಕ ಕಂಪನಿಗಳು ಪಟ್ಟು ಹಿಡಿದದ್ದು ಇದಕ್ಕೆ ಒಂದು ಮುಖ್ಯ ಕಾರಣ. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಈ ದರಕ್ಕೆ ಮಿತಿ ಹಾಕಿ, 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆಗಳ ದರದ ಎರಡರಷ್ಟಕ್ಕಿಂತ ಹೆಚ್ಚು ವಸೂಲು ಮಾಡಕೂಡದೆಂದು ಆದೇಶಿಸಿತು. ಯೋಜನೆಯ ಜೊತೆಗೇ, 2020ರಲ್ಲೇ ಬರಬೇಕಿದ್ದ ಆದೇಶವದು.