ಕಲ್ಯಾಣದ ಕುದುರೆ, ಕಾಗುಣಿತದ ಮನೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ಎಂದಾಕ್ಷಣ ಶರಣರು ನೆನಪಾಗುತ್ತಾರೆ. ಅವರಿಗೂ ಕೆಲವು ದಶಕ ಮೊದಲು, 1130ರ ಆಸುಪಾಸಿನಲ್ಲಿ, ಅದೇ ಊರಿನಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅಡುಗೆ, ಆನೆ, ಚಿತ್ರಕಲೆ, ಸಂಗೀತ ಎಲ್ಲವೂ ಇರುವ ನೂರು ಅಧ್ಯಾಯಗಳ ಗ್ರಂಥ ಅದು. ಆಟಗಳ ಭಾಗದಲ್ಲಿ ಚದುರಂಗವೂ ಬರುತ್ತದೆ. ಕುದುರೆಯೊಂದು ಹಲಗೆಯ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟುತ್ತಾ ಹೋಗುವ ಸಂಚಾರ ಅಲ್ಲಿದೆ.

ಹಲಗೆಯ ಚಿತ್ರವಿಲ್ಲದೆ ಇದನ್ನು ಪದ್ಯದಲ್ಲಿ ಹೇಳುವುದು ಹೇಗೆ? ಉಪಾಯ ನಮ್ಮ ಮಕ್ಕಳಿಗೂ ಗೊತ್ತಿರುವಂಥದ್ದೇ: ಒಂದು ದಿಕ್ಕಿಗೆ ವ್ಯಂಜನ, ಇನ್ನೊಂದಕ್ಕೆ ಸ್ವರ, ಎರಡೂ ಕೂಡಿದ ಅಕ್ಷರವೇ ಮನೆಯ ಹೆಸರು. ಶಾಲೆಯ ಗೋಡೆಯ ಕಾಗುಣಿತದ ಪಟವನ್ನೇ ಹಲಗೆ ಎಂದುಕೊಳ್ಳಿ. ‘ಗಿ’ ಎಂದರೆ ಮೂರನೆಯ ಸಾಲು, ಮೂರನೆಯ ಮನೆ. ಇವತ್ತು ಪ್ರೋಗ್ರಾಮಿಂಗ್ ತರಗತಿಯಲ್ಲಿ ಎರಡು ಆಯಾಮದ ಅರೇ ಎಂದು ಕಲಿಸುವುದು ಇದನ್ನೇ. ‘ಕ’ ಮೂಲೆಯಲ್ಲಿ ನಿಂತ ಕುದುರೆಗೆ ಎರಡೇ ದಾರಿ: ‘ಗಾ’ ಅಥವಾ ‘ಖಿ’. ಹಲಗೆಯ ನಡುವಿನ ಮನೆಯಿಂದಾದರೆ ಎಂಟು.

ಆದರೆ ಅಕ್ಷರಗಳ ಸಾಲನ್ನು ಬಾಯಿಪಾಠ ಮಾಡಿದವನಿಗೆ ದಾರಿ ಬರುತ್ತದೆಯೇ ಹೊರತು ಅದರ ಆಕಾರ ಕಾಣುವುದಿಲ್ಲ. ಕಾಗದದ ಮೇಲೆ ಮನೆಯಿಂದ ಮನೆಗೆ ಗೆರೆ ಎಳೆಯಬೇಕು. ಎಳೆದಾಗ ಬಲೆಯಂಥ ಸೊಗಸಾದ ವಿನ್ಯಾಸ ಮೂಡುತ್ತದೆ. ನನ್ನ ತಕರಾರು ಇರುವುದೂ ಇಲ್ಲೇ. ಮುಗಿದ ಚಿತ್ರ ಗೆದ್ದ ದಾರಿಯನ್ನಷ್ಟೇ ತೋರಿಸುತ್ತದೆ, ಎಲ್ಲಿ ಸಿಕ್ಕಿಬಿದ್ದು ಹಿಂದಕ್ಕೆ ಬರಬೇಕಾಯಿತು ಎಂಬುದನ್ನು ಅಳಿಸಿಬಿಡುತ್ತದೆ. ಈಗಿನ ಅಲ್ಗಾರಿದಮ್ ತೋರಿಸುವ ತಂತ್ರಾಂಶಗಳ ಉಪಕಾರ ಅದರಲ್ಲಿದೆ: ಮನೆಗೆ ಬಣ್ಣ ಬರುತ್ತದೆ, ಮುಂದೆ ದಾರಿಯಿಲ್ಲದಾಗ ಬಣ್ಣ ಅಳಿಯುತ್ತದೆ, ಕುದುರೆ ಹಿಂದಕ್ಕೆ ಬಂದು ಇನ್ನೊಂದು ನೆಗೆತ ಹುಡುಕುತ್ತದೆ. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಕೊಟ್ಟ ಸೂತ್ರವೂ ಹೀಗೆ ನೋಡಿದರೆ ತಟ್ಟನೆ ಹೊಳೆಯುತ್ತದೆ. ಮುಂದಿನ ಮನೆಗಳಲ್ಲಿ ಯಾವುದಕ್ಕೆ ಹೊರದಾರಿ ಅತಿ ಕಡಿಮೆಯೋ ಅದಕ್ಕೆ ಮೊದಲು ಹೋಗು, ಅಷ್ಟೇ. ಮೂಲೆಗಳನ್ನು ಕೊನೆಗೆ ಉಳಿಸಿದರೆ ಕೆಟ್ಟಿತು!

ಕನ್ನಡ ನಾಡಿನಲ್ಲಿ ಈ ಹುಚ್ಚು ಮತ್ತೆ ಹತ್ತಿದ್ದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಸರಿಗೆ ಉಳಿದದ್ದು ಅರಮನೆ, ಗ್ರಂಥಗಳು, ಆಟಗಳು. ಅವರ ಆಟದ ನಕ್ಷೆಗಳು ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಇಂದಿಗೂ ಇವೆ. ಕುದುರೆ ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ 260 ಆಗುವಂಥ ಸಂಚಾರವನ್ನು ಅವರು ರಚಿಸಿದರು. ಬರೀ ಗೆರೆ ನೋಡಿದವರಿಗೆ ಈ 260 ಕಾಣದು, ಬರೀ ಅಂಕಿ ನೋಡಿದವರಿಗೆ ಕುದುರೆ ಕಾಣದು. ಎರಡು ಪಟ ಪಕ್ಕಪಕ್ಕ ಬೇಕು.

ಎರಡು ಕರ್ಣಗಳೂ 260 ಆಗುವ ಸಂಚಾರ ಇದೆಯೇ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ಮರಳಿ ಹೊರಟಲ್ಲಿಗೇ ಸೇರುವ ಸಂಚಾರಗಳೇ 13 ಲಕ್ಷ ಕೋಟಿಗೂ ಹೆಚ್ಚು. ಒಂದೊಂದಾಗಿ ಚಿತ್ರ ಬಿಡಿಸಿ ನೋಡುವ ಮಾತಲ್ಲ. 2003ರ ಆಗಸ್ಟ್‌ನಲ್ಲಿ ಕಂಪ್ಯೂಟರುಗಳು ಸುಮಾರು 61 ದಿನಗಳಷ್ಟು ಲೆಕ್ಕದ ಕೆಲಸ ಮುಗಿಸಿದವು. ಅಡ್ಡ ಮತ್ತು ಉದ್ದ ಸಾಲುಗಳು ಸರಿಹೊಂದುವ ಬೇರೆಬೇರೆ ಸಂಚಾರಗಳು ಒಟ್ಟು 140. ಎರಡೂ ಕರ್ಣ ಸರಿಹೊಂದುವಂಥದ್ದು ಒಂದೂ ಇಲ್ಲ.