ತೊಡೆಯ ಹಿಂಭಾಗದ ಗಾಯ: ನೋವು ಇಳಿದರೂ ಆತುರ ಸಲ್ಲದು

ಶಿವಮೊಗ್ಗ: ನಗರದ ನೆಹರೂ ಕ್ರೀಡಾಂಗಣದಲ್ಲಿ ಓಡುವವರನ್ನೂ ಭದ್ರಾವತಿಯ ಕನಕಮಂಟಪ ಮೈದಾನದಲ್ಲಿ ಕಬಡ್ಡಿ ಆಡುವವರನ್ನೂ ಸಮಾನವಾಗಿ ಕಾಡುವುದು ಹ್ಯಾಮ್‌ಸ್ಟ್ರಿಂಗ್ ಗಾಯ. ಇದರ ನೋವು ಬೇಗ ಇಳಿಯುತ್ತದೆ, ಗಾಯ ಮಾತ್ರ ಅಷ್ಟು ಬೇಗ ಮಾಯುವುದಿಲ್ಲ. ಈ ವ್ಯತ್ಯಾಸ ಅರಿಯದೆ ಅಂಕಣಕ್ಕಿಳಿದವರಲ್ಲಿ ಗಾಯ ಮರುಕಳಿಸುವ ಸಂಭವ ಹೆಚ್ಚು.

ಏನಿದು ಹ್ಯಾಮ್‌ಸ್ಟ್ರಿಂಗ್?
ತೊಡೆಯ ಹಿಂಭಾಗದ ಮೂರು ಸ್ನಾಯುಗಳ ಗುಂಪಿಗೆ ಈ ಹೆಸರು. ಕುಳಿತಾಗ ನೆಲಕ್ಕೆ ಒತ್ತುವ ಮೂಳೆಯಿಂದ ಹೊರಟು, ಮಂಡಿಯ ಕೆಳಗಿನ ಮೂಳೆಗಳಿಗೆ ಇವು ಅಂಟಿಕೊಂಡಿವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ಹುರಿಯೇ ಸ್ನಾಯುರಜ್ಜು. ಮಂಡಿ ಮಡಿಸುವುದು, ತೊಡೆಯನ್ನು ಹಿಂದಕ್ಕೆ ತಳ್ಳುವುದು ಇವುಗಳ ಕೆಲಸ.

ಗಾಯವಾಗುವ ಬಗೆ
ವೇಗದ ಓಟದಲ್ಲಿ ಮುಂಚಾಚಿದ ಕಾಲು ನೆಲ ಮುಟ್ಟುವ ಮುನ್ನ, ಹಿಗ್ಗುತ್ತಿರುವ ಸ್ನಾಯುವೇ ಕಾಲಿನ ವೇಗಕ್ಕೆ ತಡೆ ಹಾಕಬೇಕಾಗುತ್ತದೆ. ಓಟಗಾರರ ಸ್ನಾಯು ಹೆಚ್ಚಾಗಿ ಹರಿಯುವುದು ಈ ಕ್ಷಣದಲ್ಲಿ. ಕಬಡ್ಡಿಯಲ್ಲಿ ದಾಳಿಗಾರ ಬೋನಸ್ ಗೆರೆಗೆ ಕಾಲು ಚಾಚಿದಾಗ ಅಥವಾ ಎದುರಾಳಿ ಪಾದ ಹಿಡಿದೆಳೆದಾಗ ಸ್ನಾಯು ಅತಿಯಾಗಿ ಹಿಗ್ಗುತ್ತದೆ. ಆಗ ಮೇಲ್ತುದಿಯ ಸ್ನಾಯುರಜ್ಜಿಗೂ ಪೆಟ್ಟಾಗಬಹುದು.

ಮೂರು ಹಂತ
ಮೊದಲ ಹಂತದಲ್ಲಿ ಕೆಲವೇ ಎಳೆಗಳು ಹರಿಯುತ್ತವೆ. ಎರಡನೆಯದರಲ್ಲಿ ಭಾಗಶಃ ಹರಿದು ನಡಿಗೆ ಕುಂಟಾಗುತ್ತದೆ. ಮೂರನೆಯದು ಪೂರ್ಣ ಹರಿತ: ‘ಟಪ್’ ಎಂಬ ಸದ್ದು, ಬಳಿಕ ತೊಡೆಯಲ್ಲಿ ಕಪ್ಪು-ನೀಲಿ ಬಣ್ಣ ಇದರ ಸೂಚನೆ. ಬೆಳೆಯುವ ವಯಸ್ಸಿನವರಲ್ಲಿ ಸ್ನಾಯುರಜ್ಜು ಮೂಳೆಯ ಚೂರನ್ನೇ ಕಿತ್ತುಕೊಂಡು ಬರಬಹುದು. ಶಾಲಾ ಕ್ರೀಡಾಪಟುವಿನ ಇಂಥ ನೋವನ್ನು ಬರಿಯ ಉಳುಕೆಂದು ಎಣ್ಣೆ ತಿಕ್ಕಿ ಕಳುಹಿಸುವುದು ಅಪಾಯಕರ. ಎಕ್ಸ್‌ರೇ ಅಗತ್ಯ.

ರಾಹುಲ್ ನಿದರ್ಶನ
ಕರ್ನಾಟಕದ ಕ್ರಿಕೆಟಿಗ ಕೆ.ಎಲ್. ರಾಹುಲ್ ಅವರಿಗೆ 2022ರ ಫೆಬ್ರುವರಿ 9ರಂದು ಅಹಮದಾಬಾದಿನಲ್ಲಿ ಕ್ಷೇತ್ರರಕ್ಷಣೆ ವೇಳೆ ಎಡಗಾಲಿನ ಹ್ಯಾಮ್‌ಸ್ಟ್ರಿಂಗ್ ಸೆಳೆತವಾಯಿತು. ಮಾರ್ಚ್ ಅಂತ್ಯಕ್ಕೆ ಅವರು ಐಪಿಎಲ್‌ನಲ್ಲಿ ಆಡಿದರು. 2023ರ ಮೇ 1ರಂದು ಬಲತೊಡೆಯ ಸ್ನಾಯುರಜ್ಜಿಗೆ ಗಾಯವಾದಾಗ ಶಸ್ತ್ರಚಿಕಿತ್ಸೆ ಬೇಕಾಯಿತು. ಮರಳಿ ಆಡಿದ್ದು ಸೆಪ್ಟೆಂಬರ್ 10ರಂದು. ರಕ್ತಸಂಚಾರ ಕಡಿಮೆಯಿರುವ ಸ್ನಾಯುರಜ್ಜು ಸ್ನಾಯುವಿಗಿಂತ ನಿಧಾನವಾಗಿ ಮಾಯುತ್ತದೆ.

ತಕ್ಷಣ ಏನು ಮಾಡಬೇಕು?
ಆಟ ನಿಲ್ಲಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಟ್ಟು, ಹದವಾಗಿ ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿಡಬೇಕು. ಮೊದಲ ಎರಡು-ಮೂರು ದಿನ ಬಿಸಿ ಶಾಖ, ಮಾಲೀಷು ಕೂಡದು. ನಡೆಯಲಾಗದಿದ್ದರೆ, ಕಪ್ಪು ಕಲೆ ಹರಡಿದರೆ ಮೂಳೆತಜ್ಞರಲ್ಲಿಗೆ ಹೋಗಬೇಕು. ಸ್ನಾಯುರಜ್ಜು ಮೂಳೆಯಿಂದ ಪೂರ್ತಿ ಕಿತ್ತಿದ್ದರೆ ಶಸ್ತ್ರಚಿಕಿತ್ಸೆ ತಡವಾದಷ್ಟೂ ಕಷ್ಟ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮೂಳೆ ಚಿಕಿತ್ಸಾ ವಿಭಾಗವಿದೆ.

ಮರಳುವುದು ಯಾವಾಗ?
ಗಾಯಗೊಂಡ ಕಾಲಿನ ಬಲ ಇನ್ನೊಂದಕ್ಕೆ ಸಮನಾಗಿ, ಪೂರ್ಣ ವೇಗದಲ್ಲಿ ನೋವಿಲ್ಲದೆ, ಅಂಜಿಕೆಯಿಲ್ಲದೆ ಓಡಲು ಸಾಧ್ಯವಾದ ಬಳಿಕವೇ. ಹಿಂದಿನ ಗಾಯವೇ ಮುಂದಿನ ಗಾಯಕ್ಕೆ ದೊಡ್ಡ ಕಾರಣ. ಯುರೋಪಿನ ವೃತ್ತಿಪರ ಫುಟ್‌ಬಾಲ್ ತಂಡಗಳ ಅಧ್ಯಯನದಲ್ಲಿ ಒಟ್ಟು ಗಾಯಗಳ ಪೈಕಿ ಹ್ಯಾಮ್‌ಸ್ಟ್ರಿಂಗ್ ಪಾಲು 2001-02ರಲ್ಲಿ ಶೇ 12 ಇದ್ದದ್ದು 2021-22ಕ್ಕೆ ಶೇ 24ಕ್ಕೇರಿತ್ತು.

ತಡೆಗೆ ದುಬಾರಿ ಸಲಕರಣೆ ಬೇಡ. ಮಂಡಿಯೂರಿ, ಹಿಮ್ಮಡಿಗಳನ್ನು ಜೊತೆಗಾರ ಒತ್ತಿ ಹಿಡಿದಿರುವಾಗ ದೇಹವನ್ನು ನೇರವಾಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವ ‘ನಾರ್ಡಿಕ್’ ವ್ಯಾಯಾಮವನ್ನು ಕ್ರಮವಾಗಿ ಮಾಡಿದ ತಂಡಗಳಲ್ಲಿ ಈ ಗಾಯ ಸುಮಾರು ಅರ್ಧದಷ್ಟು ಕಡಿಮೆಯಾಗಿದೆ. ಮಣ್ಣಿನ ಮೈದಾನದಲ್ಲೂ ಇದನ್ನು ಮಾಡಬಹುದು.